ಡ್ಯಾಶ್‌ಬೋರ್ಡ್ ಹಸಿರು, ಕೌಂಟರ್ ಮುಂದೆ ಸಾಲು

ಪ್ರಶ್ನೆ: ರಾಯಚೂರಿನ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಐಟಿ ನೋಡಿಕೊಳ್ಳುತ್ತೇನೆ. ನಾವಿರುವುದು ಇಬ್ಬರೇ. ರಾಯಚೂರು, ಮಾನ್ವಿ, ಸಿರವಾರ, ದೇವದುರ್ಗ, ಲಿಂಗಸುಗೂರು, ಮಸ್ಕಿ, ಸಿಂಧನೂರು, ಕಾರಟಗಿ, ಗಂಗಾವತಿ ಸೇರಿ ಒಂಬತ್ತು ಶಾಖೆಗಳಿವೆ. ಸಾಫ್ಟ್‌ವೇರ್ ಬ್ರೌಸರ್‌ನಲ್ಲೇ ತೆರೆಯುತ್ತದೆ. ಸರ್ವರ್ ಬೆಂಗಳೂರಿನ ಡೇಟಾ ಸೆಂಟರ್‌ನಲ್ಲಿದೆ. ಸರ್ವರ್ ಮೇಲೆ ಕಣ್ಣಿಡಲು ಝಾಬಿಕ್ಸ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿದ್ದೇವೆ, ಅದರ ಡ್ಯಾಶ್‌ಬೋರ್ಡ್‌ನಲ್ಲಿ ಎಲ್ಲವೂ ಹಸಿರು. ವೆಂಡರ್ ಕಳಿಸುವ ತಿಂಗಳ ರಿಪೋರ್ಟ್‌ನಲ್ಲಿ ಅಪ್‌ಟೈಮ್, ಅಂದರೆ ಸರ್ವರ್ ನಿಲ್ಲದೆ ನಡೆದ ಸಮಯ, ಶೇ 99.9. ಆದರೆ ದೇವದುರ್ಗ, ಮಸ್ಕಿಯಿಂದ ದಿನಾ ಫೋನು: "ಸಿಸ್ಟಮ್ ಭಾಳ ಸ್ಲೋ ಐತ್ರಿ ಸರ್." ಆಡಳಿತ ಮಂಡಳಿ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. "ಎಂಡ್ ಯೂಸರ್ ಎಕ್ಸ್‌ಪೀರಿಯನ್ಸ್ ಅಳೆಯಿರಿ" ಎಂದು ಒಬ್ಬರು ಹೇಳಿದರು. ಅನುಭವವನ್ನು ಅಳೆಯುವುದು ಹೇಗೆ? ದುಬಾರಿ ಟೂಲ್ ಕೊಳ್ಳುವಷ್ಟು ದುಡ್ಡೂ ಇಲ್ಲ.

ಉತ್ತರ: ನಿಮ್ಮ ವೆಂಡರ್ ಬಹುಶಃ ಸುಳ್ಳು ಹೇಳುತ್ತಿಲ್ಲ. ಮಸ್ಕಿಯ ಕ್ಯಾಶಿಯರ್ ಕೂಡ ಸುಳ್ಳು ಹೇಳುತ್ತಿಲ್ಲ. ಒಬ್ಬರು ಒಂದು ತುದಿಯಲ್ಲಿದ್ದಾರೆ, ಇನ್ನೊಬ್ಬರು ಇನ್ನೊಂದು ತುದಿಯಲ್ಲಿ.

ನಿಮ್ಮ ಕಡೆಯವರಿಗೆ ಇದನ್ನು ತಿಳಿಸಿ ಹೇಳುವುದು ಸುಲಭ. ತುಂಗಭದ್ರಾ ಎಡದಂಡೆ ನಾಲೆ ಮುನಿರಾಬಾದ್‌ನಲ್ಲಿ ಶುರುವಾಗಿ 227 ಕಿಲೋಮೀಟರ್ ಹರಿಯುತ್ತದೆ. ಡ್ಯಾಂನಿಂದ ಇಷ್ಟು ಕ್ಯುಸೆಕ್ ಬಿಟ್ಟಿದ್ದೇವೆ ಎಂದು ಅಧಿಕಾರಿಗಳು ಹೇಳುವ ಲೆಕ್ಕ ನಿಜವೇ ಇರಬಹುದು. ಆದರೆ ಮಾನ್ವಿ, ಸಿರವಾರ ಕಡೆಯ ಕೊನೆ ಭಾಗದ ರೈತರು ಕೇಳುವುದು 104ನೇ ಮೈಲಿನಲ್ಲಿ ಗೇಜ್ ಎಷ್ಟಿದೆ ಅಂತ. ಮುನಿರಾಬಾದ್‌ನ ಲೆಕ್ಕ ತೋರಿಸಿ ಅವರನ್ನು ಒಪ್ಪಿಸಿ ನೋಡಿ, ಆಗುತ್ತಾ? ನಿಮ್ಮ ಝಾಬಿಕ್ಸ್ ಈಗ ಗೇಜ್ ನೋಡುತ್ತಿರುವುದು ಡ್ಯಾಂ ಗೇಟಿನ ಬಾಯಲ್ಲಿ. ದೇವದುರ್ಗ, ಮಸ್ಕಿ ನಿಮ್ಮ ನಾಲೆಯ ಕೊನೆ ಭಾಗ.

ಆ ಹಸಿರು ಬಣ್ಣದ ಹಿಂದೆ ಏನಿದೆ? ಸರ್ವರ್‌ಗೆ ಪಿಂಗ್ ಹೋಗುತ್ತದಾ, ಸಿಪಿಯು ಎಷ್ಟು ದುಡಿಯುತ್ತಿದೆ, ಡಿಸ್ಕ್‌ನಲ್ಲಿ ಜಾಗ ಇದೆಯಾ, ಬ್ರೌಸರ್ ಒಳಬರುವ ಬಾಗಿಲಾದ 443 ಪೋರ್ಟ್ ತೆರೆದಿದೆಯಾ, ಡೇಟಾಬೇಸ್ ಎದ್ದಿದೆಯಾ. ಇವೆಲ್ಲ ಬೇಕು, ತೆಗೆಯಬೇಡಿ. ಡಿಸ್ಕ್ ತುಂಬಿ ಮಧ್ಯರಾತ್ರಿ ಡೇಟಾಬೇಸ್ ನಿಂತರೆ ನಿಮ್ಮನ್ನು ಎಬ್ಬಿಸುವುದು ಇವೇ. ಆದರೆ ಮಸ್ಕಿ ಶಾಖೆಗೆ ಐದು ಸಾವಿರ ತೆಗೆಯಲು ಬಂದ ಸದಸ್ಯರು ಎಷ್ಟು ಹೊತ್ತು ನಿಂತರು ಎಂದು ಇವುಗಳಲ್ಲಿ ಒಂದೂ ಹೇಳುವುದಿಲ್ಲ. ಅಳೆಯಬೇಕಾದದ್ದು ಅದನ್ನು. ಸರ್ವರ್ ಬದುಕಿದೆಯಾ ಎಂಬುದು ಒಂದು ಪ್ರಶ್ನೆ, ಕೆಲಸ ಮುಗಿಯಿತಾ ಎಂಬುದು ಬೇರೆಯೇ ಪ್ರಶ್ನೆ.

ಟೂಲ್ ವಿಷಯ ಆಮೇಲೆ. ಮೊದಲು ಮಸ್ಕಿಗೆ ಬಸ್ ಹತ್ತಿ. ಬೆಳಿಗ್ಗೆ ಬಾಗಿಲು ತೆರೆಯುವುದರಿಂದ ಮಧ್ಯಾಹ್ನ ಊಟದವರೆಗೆ ಕ್ಯಾಶಿಯರ್ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಕೂರಿ. ಕೈಯಲ್ಲಿ ಮೊಬೈಲ್‌ನ ಸ್ಟಾಪ್‌ವಾಚ್, ಒಂದು ನೋಟ್‌ಬುಕ್. ಬಟನ್ ಒತ್ತಿದಾಗಿನಿಂದ ಮುಂದಿನ ಕೆಲಸಕ್ಕೆ ಕೈ ಹಾಕುವವರೆಗೆ ಎಷ್ಟು ಸೆಕೆಂಡ್ ಆಯಿತು ಎಂದು ಬರೆಯುತ್ತಾ ಹೋಗಿ. ಇದು ಬಡತನದ ಉಪಾಯ ಅಂದುಕೊಳ್ಳಬೇಡಿ. ನಾನು ಈಗಲೂ ಎಲ್ಲ ಕಡೆ ಹೀಗೇ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ಬಳ್ಳಾರಿ ಕಡೆಯ ಒಂದು ಶಾಖೆಯಲ್ಲಿ ಹೀಗೆ ಕೂತಿದ್ದೆ. ಕಡು ಬೇಸಿಗೆ. ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತಾರಲ್ವಾ, ಅದರಲ್ಲಿ ಎರಡನೆಯದು. ಅಲ್ಲಿನ ಕ್ಲರ್ಕ್ ಒಬ್ಬರು ಸಾಫ್ಟ್‌ವೇರನ್ನು ಎರಡು ಬ್ರೌಸರ್‌ನಲ್ಲಿ ತೆರೆದಿಟ್ಟಿದ್ದರು. ಯಾಕಮ್ಮಾ ಅಂದರೆ, "ಒಂದು ನಿಂತ್ರ ಇನ್ನೊಂದ್ರಾಗ ಮಾಡ್ತೀನ್ರಿ" ಅಂದರು. ಸಿಸ್ಟಮ್ ನಿಧಾನವಾಗಿದ್ದಕ್ಕೆ ಅವರೇ ಕಂಡುಕೊಂಡ ಮದ್ದು. ಅದರಿಂದಾಗಿ ಕೆಲವೊಮ್ಮೆ ಒಂದೇ ವೋಚರ್ ಎರಡು ಸಲ ಏರುತ್ತಿತ್ತು. ಸಂಜೆ ಕ್ಯಾಶ್ ತಾಳೆಯಾಗುತ್ತಿರಲಿಲ್ಲ. ಹೆಡ್ ಆಫೀಸಿನ ಲೆಕ್ಕದಲ್ಲಿ ಅದು "ಸಿಬ್ಬಂದಿ ತಪ್ಪು".

ಅದೇ ದಿನ ಇನ್ನೊಂದು ಕಂಡಿತು. ಕರೆಂಟ್ ಅರ್ಧ ನಿಮಿಷ ಹೋಗಿ ಬಂತು. ಕಂಪ್ಯೂಟರ್‌ಗಳಿಗೆ ಯುಪಿಎಸ್ ಇತ್ತು, ಯಾವುದೂ ಆರಲಿಲ್ಲ. ಆದರೆ ಇಂಟರ್‌ನೆಟ್ ಮೋಡೆಮ್‌ನ ಪ್ಲಗ್ ಫ್ಯಾನಿನ ಪಕ್ಕದ ಮಾಮೂಲಿ ಬೋರ್ಡ್‌ಗೆ ಸಿಕ್ಕಿಸಿತ್ತು. ಅದು ಆರಿ, ಮತ್ತೆ ಎದ್ದು, ಲೈನ್ ಹಿಡಿಯಲು ನಾಲ್ಕು ನಿಮಿಷ. ಪರದೆ ಮೇಲೆ ಬರೀ ಗುಂಡಗೆ ತಿರುಗುತ್ತಿತ್ತು. ಸಿಬ್ಬಂದಿ ಬಾಯಲ್ಲಿ ಅದರ ಹೆಸರೂ "ಸ್ಲೋ" ಎಂದೇ. ಆ ನಾಲ್ಕು ನಿಮಿಷದಲ್ಲಿ ಸರ್ವರ್‌ಗೆ ಏನು ಕಂಡಿತು? ಏನೂ ಇಲ್ಲ. ಆ ಶಾಖೆಯಿಂದ ವಿನಂತಿಯೇ ಬರಲಿಲ್ಲವಲ್ಲ. ಕೆಲಸ ಕಡಿಮೆಯಾಗಿ ಅದರ ಗ್ರಾಫ್ ಇನ್ನೂ ಚೆಂದ ಕಂಡಿರುತ್ತದೆ. ಬಾರದೇ ಹೋದ ವಿನಂತಿಯನ್ನು ಯಾವ ಸರ್ವರ್ ಲಾಗೂ ಬರೆದಿಡುವುದಿಲ್ಲ. ಶಾಖೆಯ ಒಳಗಿನಿಂದ ಅಳೆಯಿರಿ ಎಂದು ನಾನು ಹಠ ಹಿಡಿಯುವುದು ಇದಕ್ಕೇ.

ಹಾಗೆ ಕೂತು ಬಂದ ಮೇಲೆ ಮೂರೋ ನಾಲ್ಕೋ ಕೆಲಸ ಆರಿಸಿಕೊಳ್ಳಿ, ಸಾಕು. ಬೆಳಗಿನ ಲಾಗಿನ್, ಉಳಿತಾಯ ಖಾತೆಯಿಂದ ಹಣ ಪಾವತಿ, ಪಿಗ್ಮಿ ಎಂಟ್ರಿ, ಬಂಗಾರದ ಸಾಲದ ಖಾತೆ ತೆರೆಯುವುದು. ಸಂಘಕ್ಕೆ ಯಾವುದರಿಂದ ಹೊಟ್ಟೆ ತುಂಬುತ್ತದೋ, ಕೌಂಟರ್ ಮುಂದೆ ಯಾವುದಕ್ಕೆ ಸಾಲು ಬೆಳೆಯುತ್ತದೋ ಅದು. ತಿಂಗಳಿಗೊಮ್ಮೆ ತೆಗೆಯುವ ರಿಪೋರ್ಟ್ ಐದು ನಿಮಿಷ ತೆಗೆದುಕೊಂಡರೆ ತೆಗೆದುಕೊಳ್ಳಲಿ ಬಿಡಿ.

ಎಷ್ಟು ಸೆಕೆಂಡ್ ಆದರೆ ಸರಿ? ಕಂಪ್ಯೂಟರ್ ಬಳಕೆ ಸುಲಭವಾಗುವುದು ಹೇಗೆ ಎಂದು ಅಧ್ಯಯನ ಮಾಡಿದ ಯಾಕೋಬ್ ನೀಲ್ಸನ್ 1993ರಲ್ಲಿ ಕೊಟ್ಟ ಮೂರು ಮಿತಿಗಳು ಇವತ್ತಿಗೂ ಬಳಕೆಯಲ್ಲಿವೆ. ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಉತ್ತರ ಬಂದರೆ ತಕ್ಷಣ ಆಯಿತು ಅನಿಸುತ್ತದೆ. ಒಂದು ಸೆಕೆಂಡಿನವರೆಗೆ ಯೋಚನೆಯ ಎಳೆ ಕಡಿಯುವುದಿಲ್ಲ. ಹತ್ತು ಸೆಕೆಂಡ್ ದಾಟಿದರೆ ಗಮನ ಬೇರೆ ಕಡೆ ಹೋಗುತ್ತದೆ. ಕೌಂಟರ್‌ನಲ್ಲಿ ಆ ಹತ್ತು ಸೆಕೆಂಡ್ ಆದಮೇಲೆ ಏನಾಗುತ್ತದೆ ನೀವೇ ನೋಡಿದ್ದೀರಿ. ಒಂದೋ ಪಕ್ಕದವರ ಜೊತೆ ಮಾತು, ಇಲ್ಲವೇ ಅದೇ ಬಟನ್ ಮೇಲೆ ಇನ್ನೊಂದು ಸಲ ಕುಟ್ಟುವುದು.

ಆಡಳಿತ ಮಂಡಳಿಯವರಿಗೆ ಸೆಕೆಂಡ್‌ಗಳ ಭಾಷೆ ಬೇಡ, ಸಾಲಿನ ಭಾಷೆಯಲ್ಲಿ ಹೇಳಿ. ಒಂದು ಪಾವತಿಗೆ 20 ಸೆಕೆಂಡ್ ಜಾಸ್ತಿ ಹಿಡಿಯುತ್ತದೆ ಅಂದುಕೊಳ್ಳಿ. ದಿನಕ್ಕೆ 120 ಜನ ಬಂದರೆ 2,400 ಸೆಕೆಂಡ್, ಅಂದರೆ 40 ನಿಮಿಷ. ಒಬ್ಬ ಕ್ಯಾಶಿಯರ್‌ನ ದಿನದಲ್ಲಿ 40 ನಿಮಿಷ ಸುಮ್ನೆ ಪರದೆ ನೋಡುವುದರಲ್ಲೇ ಹೋಯಿತು. ಭತ್ತದ ದುಡ್ಡು ಬರುವ ದಿನಗಳಲ್ಲಿ ಈ ಲೆಕ್ಕ ಎಲ್ಲಿಗೆ ಹೋಗುತ್ತದೆ ನೋಡಿ.

ಸರಾಸರಿಯನ್ನಂತೂ ನಂಬಬೇಡಿ. ಒಂಬತ್ತು ಪಾವತಿ ತಲಾ 2 ಸೆಕೆಂಡ್‌ನಲ್ಲಿ ಮುಗಿದವು, ಹತ್ತನೆಯದು 40 ಸೆಕೆಂಡ್ ತಿಂದಿತು. ಸರಾಸರಿ 5.8 ಸೆಕೆಂಡ್. ಆ 5.8 ಸೆಕೆಂಡ್ ಯಾರ ಅನುಭವ? ಯಾರದ್ದೂ ಅಲ್ಲ. ಅದರ ಬದಲು 95ನೇ ಪರ್ಸೆಂಟೈಲ್ ನೋಡಿ. ನೂರು ಅಳತೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿದರೆ 95ನೆಯದು ಎಷ್ಟಿದೆಯೋ ಅದು. "ನೂರರಲ್ಲಿ 95 ಪಾವತಿ ಇಷ್ಟು ಸೆಕೆಂಡ್‌ನೊಳಗೆ ಮುಗಿದವು" ಎಂದು ಯಾರಿಗೆ ಬೇಕಾದರೂ ಹೇಳಬಹುದು. ಫೋನ್ ಮಾಡುವವರು ಉಳಿದ ಐದರಲ್ಲಿ ಇರುವವರು.

ಆಪ್‌ಡೆಕ್ಸ್ ಎಂಬ ಅಂಕವೂ ಒಂದಿದೆ. ಒಂದು ಗುರಿ ಇಟ್ಟುಕೊಳ್ಳುತ್ತೀರಿ, ಉದಾಹರಣೆಗೆ 3 ಸೆಕೆಂಡ್. ಅದರೊಳಗೆ ಮುಗಿದದ್ದು ತೃಪ್ತಿ. ಗುರಿಯ ನಾಲ್ಕರಷ್ಟು, ಅಂದರೆ 12 ಸೆಕೆಂಡಿನವರೆಗಿನದು ಸಹಿಸಿಕೊಂಡದ್ದು, ಅದಕ್ಕೆ ಅರ್ಧ ಅಂಕ. ಅದಕ್ಕೂ ಮೇಲಿನದಕ್ಕೆ ಸೊನ್ನೆ. ಇನ್ನೂರು ಪಾವತಿಯಲ್ಲಿ 140 ತೃಪ್ತಿ, 40 ಸಹನೆ, 20 ಬೇಸರ ಎಂದಾದರೆ 140ಕ್ಕೆ 20 ಸೇರಿಸಿ 200ರಿಂದ ಭಾಗಿಸಿ: 0.80. ಮಂಡಳಿ ಸಭೆಗೆ ಒಂದೇ ಅಂಕಿ ಬೇಕೆಂದಾಗ ಇದು ಚೆನ್ನಾಗಿ ಒದಗುತ್ತದೆ. ಆದರೆ ದಿನದ ಕೆಲಸಕ್ಕೆ ನಾನು ಇದನ್ನು ಬಳಸುವುದಿಲ್ಲ. ಒಂಬತ್ತು ಶಾಖೆ ಒಟ್ಟು ಸೇರಿಸಿ 0.90 ಬಂದರೆ ದೇವದುರ್ಗ ಅದರೊಳಗೆ ಮುಳುಗಿ ಹೋಗಿರುತ್ತದೆ. ಲೆಕ್ಕ ಯಾವುದೇ ಇರಲಿ, ಶಾಖೆವಾರು ಮತ್ತು ಗಂಟೆವಾರು ಬೇರೆ ಬೇರೆ ಇಡಿ.

ಈಗ ಟೂಲ್. ಅಳೆಯಲು ಎರಡು ದಾರಿ ಇವೆ. ಒಂದು, ರೋಬೋ ಗ್ರಾಹಕ: ಒಂದು ಸ್ಕ್ರಿಪ್ಟ್ ಹತ್ತು ನಿಮಿಷಕ್ಕೊಮ್ಮೆ ತಾನೇ ಲಾಗಿನ್ ಆಗಿ, ಒಂದು ಖಾತೆಯ ಬ್ಯಾಲೆನ್ಸ್ ನೋಡಿ ಹೊರಬರುತ್ತದೆ, ಹಿಡಿದ ಸಮಯ ಬರೆದಿಡುತ್ತದೆ. ಇನ್ನೊಂದು, ನಿಜವಾದ ಸಿಬ್ಬಂದಿಯ ನಿಜವಾದ ಕ್ಲಿಕ್‌ಗಳನ್ನೇ ಅಳೆಯುವುದು. ನಿಮಗೆ ಮೊದಲನೆಯದು ಈ ವಾರವೇ ಸಾಧ್ಯ. ಎರಡನೆಯದಕ್ಕೆ ವೆಂಡರ್ ಕೈ ಜೋಡಿಸಬೇಕು.

ರೋಬೋಗೆ ಹೊಸದೇನೂ ಕೊಳ್ಳಬೇಡಿ. ನಿಮ್ಮ ಝಾಬಿಕ್ಸ್‌ಗೇ ಪ್ರಾಕ್ಸಿ ಎಂಬ ತಮ್ಮನಿದ್ದಾನೆ, ಶಾಖೆಯಲ್ಲೇ ಕೂತು ಅದರ ಪರವಾಗಿ ಅಳೆಯುತ್ತಾನೆ, ಉಚಿತ. ಹಳೆಯ ಪಿಸಿ ಅಥವಾ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಸಾಕು. ಅದನ್ನು ಕ್ಯಾಶಿಯರ್‌ನ ಕಂಪ್ಯೂಟರ್ ಇರುವ ಸ್ವಿಚ್‌ಗೇ, ಅದೇ ಲೈನಿಗೇ ಸಿಕ್ಕಿಸಿ. ಡೇಟಾ ಸೆಂಟರ್‌ನಲ್ಲಿ ರೋಬೋ ಕೂರಿಸಿದರೆ ಮತ್ತೆ ಮುನಿರಾಬಾದ್‌ನಲ್ಲೇ ಗೇಜ್ ನೋಡಿದಂತೆ. ಪ್ರಾಕ್ಸಿಯ ದೊಡ್ಡ ಗುಣ ಏನೆಂದರೆ, ಲೈನ್ ಹೋದಾಗಲೂ ಅದು ಅಳೆಯುತ್ತಾ ಇರುತ್ತದೆ, ಫಲಿತಾಂಶ ತನ್ನಲ್ಲೇ ಇಟ್ಟುಕೊಂಡು ಲೈನ್ ಬಂದ ಮೇಲೆ ಕಳಿಸುತ್ತದೆ. ಬಳ್ಳಾರಿಯ ಆ ನಾಲ್ಕು ನಿಮಿಷದೊಳಗೆ ಒಂದು ಅಳತೆ ಬಿದ್ದಿದ್ದರೆ ಅದಕ್ಕೆ ಕಾಣುತ್ತಿತ್ತು.

ಝಾಬಿಕ್ಸ್‌ನಲ್ಲಿರುವ ವೆಬ್ ಸಿನಾರಿಯೋ ಎಂಬ ಹಳೆಯ ಸೌಲಭ್ಯ ಪುಟವನ್ನು ತರಿಸಿ ನೋಡುತ್ತದೆ, ಆದರೆ ಪುಟದೊಳಗಿನ ಜಾವಾಸ್ಕ್ರಿಪ್ಟ್ ಓಡಿಸುವುದಿಲ್ಲ. ಈಗಿನ ಸಾಫ್ಟ್‌ವೇರ್‌ಗಳಲ್ಲಿ ಅರ್ಧ ಕೆಲಸ ನಡೆಯುವುದೇ ಅಲ್ಲಿ. 2024ರ ಜೂನ್‌ನಲ್ಲಿ ಬಂದ 7.0 ಆವೃತ್ತಿಯಲ್ಲಿ ಬ್ರೌಸರ್ ಐಟಂ ಸೇರಿಸಿದ್ದಾರೆ. ಅದು ನಿಜವಾದ ಬ್ರೌಸರನ್ನೇ ತೆರೆದು ಕ್ಲಿಕ್ ಮಾಡುತ್ತದೆ. ಬ್ರೌಸರ್ ಓಡಿಸುವುದಾದರೆ ಪೈಗಿಂತ ಹಳೆಯ ಪಿಸಿಯೇ ವಾಸಿ. ಅಪ್‌ಗ್ರೇಡ್ ಮಾಡುವುದು ಕಷ್ಟವಾದರೆ ಬ್ರೌಸರನ್ನು ತಾನೇ ಓಡಿಸುವ ಪ್ಲೇರೈಟ್ ಅಥವಾ ಸೆಲೇನಿಯಂ ಎಂಬ ಟೂಲ್‌ನಲ್ಲಿ ನಲವತ್ತು ಸಾಲಿನ ಸ್ಕ್ರಿಪ್ಟ್ ಬರೆದರೂ ನಡೆಯುತ್ತದೆ. ಒಂಬತ್ತೂ ಶಾಖೆಗೆ ಒಟ್ಟಿಗೆ ಹಾಕಬೇಡಿ. ದೇವದುರ್ಗ, ಮಸ್ಕಿ, ಹೋಲಿಕೆಗೆ ರಾಯಚೂರು. ಮೂರು ಸಾಕು.

ರೋಬೋ ವಿಷಯದಲ್ಲಿ ಜನ ಎಡವುವ ಜಾಗಗಳಿವೆ. ಅದು ಹಣ ಹಾಕುವ, ತೆಗೆಯುವ ಕೆಲಸ ಮಾಡಬಾರದು. ಬರೀ ನೋಡುವ ಅಧಿಕಾರವಿರುವ ಬೇರೆ ಯೂಸರ್ ಮಾಡಿ, ಲೆಕ್ಕ ಪರಿಶೋಧಕರಿಗೂ ಮೊದಲೇ ತಿಳಿಸಿ. ಇಲ್ಲದಿದ್ದರೆ ರಾತ್ರಿ ಎರಡು ಗಂಟೆಗೆ ಲಾಗಿನ್ ಆಗುವ ಈ ಮಹಾನುಭಾವ ಯಾರು ಎಂದು ನಿಮಗೇ ನೋಟಿಸ್ ಬರುತ್ತದೆ. ಪಾಸ್‌ವರ್ಡ್ ಅವಧಿ ಮುಗಿದ ದಿನ ರೋಬೋ ಎಲ್ಲ ಶಾಖೆಯಲ್ಲೂ ಕೆಂಪು ತೋರಿಸುತ್ತದೆ. ನನಗೆ ಎರಡು ಸಲ ಆಗಿದೆ, ಎರಡೂ ಸಲ ಭಾನುವಾರ. ಇನ್ನೊಂದು, ಪುಟ ಬಂತು ಅಂದಮಾತ್ರಕ್ಕೆ ಪಾಸ್ ಮಾಡಬೇಡಿ. "ಕ್ಷಮಿಸಿ, ನಂತರ ಪ್ರಯತ್ನಿಸಿ" ಎಂಬ ಪುಟ ಎಲ್ಲಕ್ಕಿಂತ ಬೇಗ ಬರುತ್ತದೆ! 0.2 ಸೆಕೆಂಡ್‌ನಲ್ಲಿ ಬಂದ ಆ ಪುಟವನ್ನು ಟೂಲ್ ಅತ್ಯುತ್ತಮ ಎಂದು ಬರೆದುಕೊಳ್ಳುತ್ತದೆ. ಪುಟದಲ್ಲಿ ಆ ಖಾತೆಯ ಬ್ಯಾಲೆನ್ಸ್ ಕಾಣಿಸಿತಾ ಎಂದು ಸ್ಕ್ರಿಪ್ಟ್ ಓದಿ ನೋಡಬೇಕು.

ಹತ್ತು ನಿಮಿಷಕ್ಕೊಮ್ಮೆ ಅಂದರೆ ಎಂಟು ಗಂಟೆಯ ದಿನಕ್ಕೆ 48 ಅಳತೆ. ಇಷ್ಟರಲ್ಲಿ 95ನೇ ಪರ್ಸೆಂಟೈಲ್ ತೆಗೆದರೆ ದಿನದಿಂದ ದಿನಕ್ಕೆ ಕುಣಿಯುತ್ತದೆ. ಆರು ದಿನದ 288 ಅಳತೆ ಸೇರಿಸಿ ವಾರಕ್ಕೊಮ್ಮೆ ತೆಗೆಯಿರಿ. ರಾತ್ರಿಯ ಅಳತೆಗಳನ್ನು ಇದರಲ್ಲಿ ಬೆರೆಸಬೇಡಿ. ಖಾಲಿ ರಸ್ತೆಯಲ್ಲಿ ಎಲ್ಲ ಗಾಡಿಯೂ ವೇಗವೇ.

ಇನ್ನು ನಿಜವಾದ ಕ್ಲಿಕ್‌ಗಳು. ವೆಂಡರ್ ಬಳಸುವ ವೆಬ್ ಸರ್ವರ್ ಸಾಫ್ಟ್‌ವೇರ್ ಎಂಜಿನ್‌ಎಕ್ಸ್ ಆಗಿದ್ದರೆ, ಲಾಗ್‌ನಲ್ಲಿ ರಿಕ್ವೆಸ್ಟ್ ಟೈಮ್ (ವಿನಂತಿಗೆ ಹಿಡಿದ ಒಟ್ಟು ಸಮಯ) ಮತ್ತು ಅಪ್‌ಸ್ಟ್ರೀಮ್ ರೆಸ್ಪಾನ್ಸ್ ಟೈಮ್ (ಅದರಲ್ಲಿ ಹಿಂದಿನ ಅಪ್ಲಿಕೇಶನ್ ಉತ್ತರ ಕೊಡಲು ತೆಗೆದುಕೊಂಡದ್ದು) ಎಂಬ ಎರಡು ಕಾಲಂ ಸೇರಿಸಲು ಕೇಳಿ. ಒಂದು ಸಾಲಿನ ಬದಲಾವಣೆ. ಎರಡನೆಯದೇ ದೊಡ್ಡದಿದ್ದರೆ ತೊಂದರೆ ಅಪ್ಲಿಕೇಶನ್‌ನಲ್ಲೋ ಡೇಟಾಬೇಸ್‌ನಲ್ಲೋ ಇದೆ. ಮೊದಲನೆಯದು ಮಾತ್ರ ದೊಡ್ಡದಿದ್ದರೆ ಶಾಖೆಗೆ ಹೋಗುವ ಲೈನ್ ಕಡೆ ನೋಡಿ. ಸಣ್ಣ ಉತ್ತರಗಳ ಕೊನೆಯ ಪ್ರಯಾಣ ಇದರಲ್ಲಿ ಪೂರ್ತಿ ಕಾಣುವುದಿಲ್ಲ. ಅದಕ್ಕೆ ಬ್ರೌಸರ್‌ನೊಳಗಿನ ನ್ಯಾವಿಗೇಶನ್ ಟೈಮಿಂಗ್ ಇದೆ, 2012ರಲ್ಲೇ ವೆಬ್ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಮಾನದಂಡವಾಗಿದೆ. ಪುಟದಲ್ಲಿ ಪುಟ್ಟ ಸ್ಕ್ರಿಪ್ಟ್ ಸೇರಿಸಿದರೆ ಸರ್ವರ್‌ನ ಹೆಸರಿನಿಂದ ವಿಳಾಸ ಹುಡುಕುವುದು, ಸಂಪರ್ಕ, ಉತ್ತರಕ್ಕೆ ಕಾಯುವುದು, ಪುಟ ಕಟ್ಟುವುದು, ಯಾವುದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಅದು ಹೇಳುತ್ತದೆ. ಪುಟದ ಅನುಭವ ಅಳೆಯುವ ಗೂಗಲ್‌ನ ಕೋರ್ ವೆಬ್ ವೈಟಲ್ಸ್ ಬಗ್ಗೆ ಯಾರಾದರೂ ದೊಡ್ಡದಾಗಿ ಹೇಳಿದರೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅದನ್ನು ಮಾಡಿರುವುದು ಸಾರ್ವಜನಿಕ ವೆಬ್‌ಸೈಟ್‌ಗಳನ್ನು ಮನಸ್ಸಿನಲ್ಲಿಟ್ಟು. ಅದರಲ್ಲಿ 2024ರ ಮಾರ್ಚ್‌ನಲ್ಲಿ ಸೇರಿದ ಐಎನ್‌ಪಿ ಎಂಬ ಅಳತೆ ಮಾತ್ರ ನಿಮ್ಮ ಕೌಂಟರ್‌ಗೂ ಒಪ್ಪುತ್ತದೆ: ಕ್ಲಿಕ್ ಮಾಡಿದ ಮೇಲೆ ಪರದೆ ಅಲುಗಾಡಲು ಎಷ್ಟು ಹೊತ್ತು. 200 ಮಿಲಿಸೆಕೆಂಡ್‌ನೊಳಗಿದ್ದರೆ ಒಳ್ಳೆಯದು.

ದೂರದ ಲೆಕ್ಕ ಒಂದನ್ನು ಹೇಳಲೇಬೇಕು. ನಿಮ್ಮ ಯಾವುದಾದರೂ ಶಾಖೆ ವಿ-ಸ್ಯಾಟ್ ಡಿಶ್, ಅಂದರೆ ಉಪಗ್ರಹದ ಮೂಲಕ ಬರುವ ಇಂಟರ್‌ನೆಟ್ ಮೇಲೆ ನಡೆಯುತ್ತಿದೆಯಾ? ಆ ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಮೇಲೆ. ವಿನಂತಿ ಹತ್ತಿ ಇಳಿಯಬೇಕು, ಉತ್ತರವೂ ಹತ್ತಿ ಇಳಿಯಬೇಕು. ಒಟ್ಟು 1,44,000 ಕಿಲೋಮೀಟರ್. ಬೆಳಕು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡಿದರೂ ಅರ್ಧ ಸೆಕೆಂಡ್ ಹತ್ತಿರ ಆಯಿತು. ಪಾವತಿ ಪುಟ ಒಂದರ ಹಿಂದೆ ಒಂದು ಎಂಬಂತೆ ಸರ್ವರನ್ನು 30 ಸಲ ಕೇಳುತ್ತದೆ ಅಂದರೆ ಬರೀ ಓಡಾಟಕ್ಕೇ 15 ಸೆಕೆಂಡ್. ಸರ್ವರ್ ಪ್ರತಿ ಸಲ ಸೆಕೆಂಡಿನ ಇಪ್ಪತ್ತನೇ ಭಾಗದಲ್ಲಿ ಉತ್ತರ ಕೊಟ್ಟಿರುತ್ತದೆ, ಅದರ ಪಾಲು ಒಂದೂವರೆ ಸೆಕೆಂಡ್. ಡ್ಯಾಶ್‌ಬೋರ್ಡ್ ಹಸಿರು! ಇಲ್ಲಿ ಹೆಚ್ಚು ಎಂಬಿಪಿಎಸ್‌ನ, ಅಂದರೆ ಹೆಚ್ಚು ಅಗಲದ ಲೈನ್ ಕೊಂಡರೂ ಪ್ರಯೋಜನವಿಲ್ಲ. ಒಂದೋ ಫೈಬರ್ ಬರಬೇಕು, ಇಲ್ಲವೇ ವೆಂಡರ್ ಆ 30 ಪ್ರಶ್ನೆಗಳನ್ನು ನಾಲ್ಕೈದಕ್ಕೆ ಇಳಿಸಬೇಕು. ಎಷ್ಟು ಪ್ರಶ್ನೆ ಹೋಗುತ್ತವೆ ಎಂದು ಕ್ರೋಮ್‌ನಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ಪುಟದಲ್ಲಿ ನೀವೇ ಎಣಿಸಬಹುದು.

ಆ 99.9ರ ವಿಷಯಕ್ಕೆ ಬರೋಣ. ಮೂವತ್ತು ದಿನದ ತಿಂಗಳಲ್ಲಿ ಅದು 43 ನಿಮಿಷದ ನಿಲುಗಡೆಗೆ ಅವಕಾಶ ಕೊಡುತ್ತದೆ. ಎಲ್ಲ ರಾತ್ರಿ ಎರಡಕ್ಕೆ ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಸೋಮವಾರ ಹತ್ತೂವರೆಗೆ ಬಿದ್ದರೆ ಊರಿಗೆಲ್ಲ ಗೊತ್ತಾಗುತ್ತದೆ. ಛೇದ ಯಾವುದು ಎಂದೂ ಕೇಳಿ. ಕೆಲಸದ ಹೊತ್ತಿನಲ್ಲಿ 5 ಗಂಟೆ ನಿಂತಿತು ಅಂದುಕೊಳ್ಳಿ. ತಿಂಗಳ 720 ಗಂಟೆಯಲ್ಲಿ ಭಾಗಿಸಿದರೆ ಶೇ 99.3 ಬರುತ್ತದೆ. ನೀವು ನಿಜವಾಗಿ ಬಾಗಿಲು ತೆರೆದಿರುವ 200 ಗಂಟೆಯಲ್ಲಿ ಭಾಗಿಸಿದರೆ ಶೇ 97.5. ಮುಂದಿನ ಒಪ್ಪಂದದಲ್ಲಿ "ಸರ್ವರ್ ಅಪ್‌ಟೈಮ್" ಎಂಬ ಪದದ ಜೊತೆಗೆ "ಕಚೇರಿ ವೇಳೆಯಲ್ಲಿ, ಶಾಖೆಯಿಂದ ಅಳೆದಾಗ, ನೂರರಲ್ಲಿ 95 ಪಾವತಿ ಇಷ್ಟು ಸೆಕೆಂಡ್‌ನೊಳಗೆ" ಎಂಬ ಸಾಲು ಸೇರಿಸಿ. ಲೈನ್ ಬೇರೆ ಕಂಪನಿಯದು ಎಂದು ವೆಂಡರ್ ಹೇಳಿಯೇ ಹೇಳುತ್ತಾರೆ. ಅದು ನ್ಯಾಯವೂ ಹೌದು. ಅದಕ್ಕೇ ಮೇಲಿನ ಎರಡು ಕಾಲಂ ಬೇಕಾಗಿರುವುದು, ಯಾರ ಪಾಲು ಎಷ್ಟು ಎಂದು ಜಗಳವಿಲ್ಲದೆ ಹಂಚಬಹುದು.

ಅಲಾರಂ ಕಡಿಮೆ ಇಡಿ. ಒಂದು ಅಳತೆ ತಪ್ಪಿದ್ದಕ್ಕೆ ಎಸ್‌ಎಂಎಸ್ ಬೇಡ. ಸತತ ಮೂರು ತಪ್ಪಿದರೆ ಬರಲಿ. ಒಂದೇ ಶಾಖೆ ಕೆಂಪಾದರೆ ಲೈನ್ ಅಥವಾ ಕರೆಂಟ್, ಮೂರೂ ಕೆಂಪಾದರೆ ವೆಂಡರ್‌ಗೆ ಫೋನ್. ಇಬ್ಬರೇ ಇರುವ ತಂಡಕ್ಕೆ ಇಷ್ಟೇ ನಿಯಮ ಸಾಕು.

ಸಿಬ್ಬಂದಿಗೆ ಇದೆಲ್ಲ ಯಾಕೆ ಎಂದು ಮೊದಲೇ ಹೇಳಿ. ಕಂಪ್ಯೂಟರನ್ನು ಅಳೆಯುತ್ತಿದ್ದೇವೆ, ನಿಮ್ಮ ಕೈ ವೇಗವನ್ನಲ್ಲ ಅಂತ. ಹಾಗೆಯೇ ನಡೆದುಕೊಳ್ಳಿ ಕೂಡ. ಯಾವ ಕ್ಲರ್ಕ್ ಎಷ್ಟು ನಿಧಾನ ಎಂದು ಈ ಅಂಕಿಗಳಿಂದ ಒಂದು ಸಲ ಪಟ್ಟಿ ತೆಗೆದರೆ ಮುಗಿಯಿತು, ಆಮೇಲೆ ಯಾರೂ ನಿಮಗೆ ನಿಜ ಹೇಳುವುದಿಲ್ಲ. ಲಾಗ್‌ನಲ್ಲಿ ಖಾತೆ ಸಂಖ್ಯೆ, ಆಧಾರ್ ಸಂಖ್ಯೆ, ಸದಸ್ಯರ ಹೆಸರು ಬರದಂತೆ ನೋಡಿಕೊಳ್ಳಿ. ಸಮಯ ಅಳೆಯಲು ಅವು ಬೇಕಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದೆ, ಬೇಡದ್ದನ್ನು ಕೂಡಿಟ್ಟು ತಲೆನೋವು ತಂದುಕೊಳ್ಳುವುದು ಯಾಕೆ?

ರೋಬೋ ಸಿದ್ಧವಾಗುವವರೆಗೆ ಫೋನ್ ಕರೆಗಳನ್ನೇ ಅಳತೆ ಮಾಡಿಕೊಳ್ಳಿ. "ಸ್ಲೋ ಐತ್ರಿ" ಅಂದ ತಕ್ಷಣ "ನೋಡ್ತೀನಿ" ಎಂದು ಇಟ್ಟುಬಿಡಬೇಡಿ. ಯಾವ ಕೆಲಸ ಮಾಡುವಾಗ, ಒಂದೇ ಕಂಪ್ಯೂಟರ್‌ಗೋ ಎಲ್ಲಕ್ಕೋ, ಈಗ ಗಂಟೆ ಎಷ್ಟು ಎಂದು ಕೇಳಿ ಬರೆದುಕೊಳ್ಳಿ. ಒಂದೇ ಕಂಪ್ಯೂಟರ್ ಆಗಿದ್ದರೆ, ದಿನಾ ಹತ್ತು ಗಂಟೆಗೆ ಆಗಿದ್ದರೆ, ಅದು ಆಂಟಿವೈರಸ್ ಸ್ಕ್ಯಾನ್ ಇರಬಹುದು, ಸಮಯ ಬದಲಿಸಿದರೆ ಮುಗಿಯಿತು. ಎಲ್ಲಕ್ಕೂ ಒಟ್ಟಿಗೆ ನಾಲ್ಕೈದು ನಿಮಿಷ ನಿಂತು ತಾನಾಗಿಯೇ ಸರಿಹೋಗುತ್ತಿದ್ದರೆ, ಮೋಡೆಮ್ ಪ್ಲಗ್ ಎಲ್ಲಿಗೆ ಸಿಕ್ಕಿಸಿದ್ದಾರೆ ಎಂದು ದೇವದುರ್ಗದವರಿಗೆ ಇವತ್ತೇ ಫೋನ್ ಮಾಡಿ ಕೇಳಿ.